ಎಕ್ಸ್‌ಪಿ ಕಾಲದ ಕನ್ನಡ ಗಣಕ

ನುಡಿ ತಂತ್ರಾಂಶವನ್ನು ರೂಪಿಸಿದ ಕನ್ನಡ ಗಣಕ ಪರಿಷತ್ತು ಚಾಮರಾಜಪೇಟೆಯಲ್ಲಿ ನೆಲೆಸಿದ್ದರಿಂದ, ಗಣಕದಲ್ಲಿನ ಕನ್ನಡದ ಚರಿತ್ರೆಯಲ್ಲಿ ಹಳೆಯ ಬೆಂಗಳೂರಿನ ಈ ಪೇಟೆಗೆ ವಿಶೇಷ ಸ್ಥಾನವಿದೆ. ನುಡಿ ಮತ್ತು ಬರಹ ಎಂಬ ಕನ್ನಡ ತಂತ್ರಾಂಶಗಳ ಆರಂಭದ ಆವೃತ್ತಿಗಳು ಯುನಿಕೋಡನ್ನು, ಅಂದರೆ ಪ್ರತಿ ಅಕ್ಷರಕ್ಕೂ ಜಗತ್ತಿನಾದ್ಯಂತ ಒಂದೇ ಸಂಕೇತಸಂಖ್ಯೆ ನೀಡುವ ಶಿಷ್ಟತೆಯನ್ನು, ಅವಲಂಬಿಸದೆ ಫಾಂಟಿನ ತುಣುಕುಗಳಿಂದಲೇ ಅಕ್ಷರ ಜೋಡಿಸುತ್ತಿದ್ದುದರಿಂದ, ವಿಂಡೋಸ್ 98 ಬಳಸುತ್ತಿದ್ದವರಿಗೆ ಕನ್ನಡಕ್ಕಾಗಿ ಕಾರ್ಯಾಚರಣ ವ್ಯವಸ್ಥೆಯನ್ನು ಬದಲಿಸುವ ತುರ್ತು ಇರಲಿಲ್ಲ.

2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಕನ್ನಡ ಫಾಂಟನ್ನು ತಂದಿತಾದರೂ, ಒತ್ತಕ್ಷರಗಳನ್ನು ಕೂಡಿಸಿ ತೋರಿಸುವ ಕಡತಗಳು ತಾವಾಗಿ ಸ್ಥಾಪನೆಯಾಗುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ಭಾಷಾ ವಿಭಾಗದಲ್ಲಿ ಒಂದು ಚೌಕಕ್ಕೆ ಗುರುತು ಹಾಕಿ, ಮೂಲ ಸಿ.ಡಿ.ಯನ್ನು ಒದಗಿಸಿ, ಗಣಕವನ್ನು ಮತ್ತೆ ಚಾಲೂ ಮಾಡಬೇಕಿತ್ತು. ಅಷ್ಟು ಮಾಡದ ಗಣಕದಲ್ಲಿ ಯುನಿಕೋಡ್ ಕನ್ನಡದ ಪುಟ ಒಡೆದ ಅಕ್ಷರಗಳ ರಾಶಿಯಾಗಿ ಕಾಣುತ್ತಿದ್ದುದು ಓದುಗರಿಗೆ ಆದ ಅನ್ಯಾಯವೇ ಸರಿ.

2003ರಲ್ಲಿ ಬ್ಲಾಸ್ಟರ್ ಎಂಬ ಕುತಂತ್ರಾಂಶ ನಡೆಸಿದ ಹಾವಳಿಯ ಮರುವರ್ಷ ಎಕ್ಸ್‌ಪಿಗೆ ಬಂದ ಸರ್ವಿಸ್ ಪ್ಯಾಕ್ 2, ಅಂದರೆ ತಿದ್ದುಪಡಿಗಳ ಒಟ್ಟು ಕಟ್ಟು, ಫೈರ್‌ವಾಲನ್ನು ತಾನಾಗಿ ಚಾಲೂ ಮಾಡುತ್ತಿತ್ತು. ಆದರೆ ಸುಮಾರು 266 ಎಂ.ಬಿ.ಯ ಪೂರ್ಣ ಕಟ್ಟು 56 ಕಿಲೋಬಿಟ್‌ನ ಡಯಲ್‌ಅಪ್‌ನಲ್ಲಿ ಇಳಿಯಲು ಹತ್ತು ಗಂಟೆಗೂ ಮಿಕ್ಕಿ ಬೇಕಾಗುತ್ತಿದ್ದುದರಿಂದ, ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳ ಮನೆಗಳಲ್ಲಿ ಸುರಕ್ಷತೆಯ ಜೊತೆಗೆ ಫೋನ್ ಬಿಲ್ಲನ್ನೂ ಲೆಕ್ಕ ಹಾಕಬೇಕಾಗಿತ್ತು. ಎಕ್ಸ್‌ಪಿಗೆ ಸುರಕ್ಷತಾ ತಿದ್ದುಪಡಿಗಳು 2014ರ ಏಪ್ರಿಲ್ 8ರವರೆಗೆ ನಿಯತವಾಗಿ ಬರುತ್ತಿದ್ದವು.