ಇಲ್ಲದ ದೇಶಕ್ಕೆ ಹಡಗು ಹತ್ತಿದವರು: ‘ಪೊಯಾಯಿಸ್’ ಭೂಗೋಳದಲ್ಲಿ ನಿಜವೆಷ್ಟು, ಸುಳ್ಳೆಷ್ಟು?

ವರ್ಷವಿಡೀ ಹಿತವಾದ ಹವೆ. ಒಂದೇ ವರ್ಷದಲ್ಲಿ ಮೂರು ಬೆಳೆ ಮೆಕ್ಕೆಜೋಳ. ಹೊಳೆಯಲ್ಲಿ ಕೈಯಾಡಿಸಿದರೆ ಚಿನ್ನದ ಹರಳು. ಒಂದು ದಿನ ಬೇಟೆಗೋ ಮೀನಿಗೋ ಹೋಗಿಬಂದರೆ ಮನೆಮಂದಿಗೆಲ್ಲ ವಾರದ ಊಟ. ಎಕರೆ ಜಮೀನಿಗೆ ಕೆಲವೇ ಶಿಲ್ಲಿಂಗ್, ಬೇಗ ಕೊಳ್ಳಿ!

ಇದು ಇಂದು ಬಂದಿದ್ದರೆ ನಾಲ್ಕು ತಾಳೆಮರದ ಫೋಟೊ, ಎರಡು ಹಸಿರು ಟಿಕ್ ಮಾರ್ಕ್ ಸಮೇತ ನಿಮ್ಮ ಫ್ಯಾಮಿಲಿ ಗ್ರೂಪಿಗೆ ಬಂದಿರುತ್ತಿತ್ತು. ಆದರೆ ಇದು ಬಂದದ್ದು 1822ರಲ್ಲಿ, 350ಕ್ಕೂ ಹೆಚ್ಚು ಪುಟಗಳ ಪುಸ್ತಕವಾಗಿ. ದೇಶದ ಹೆಸರು ಪೊಯಾಯಿಸ್. ಅಂಥ ದೇಶ ಭೂಮಿಯ ಮೇಲೆ ಇರಲಿಲ್ಲ. ಅದನ್ನು ನಂಬಿ ಸುಮಾರು 250 ಜನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹಡಗು ಹತ್ತಿದರು. ಅವರಲ್ಲಿ ಕನಿಷ್ಠ 180 ಮಂದಿ ಸತ್ತರು.

ಅವರನ್ನು ಕೊಂದದ್ದು ಬರೀ ಸುಳ್ಳು ಎಂದರೆ ಪೂರ್ತಿ ಸರಿಯಾಗುವುದಿಲ್ಲ. ದೇಶ ಸುಳ್ಳಾಗಿತ್ತು, ಜಾಗ ನಿಜವಾಗಿತ್ತು. ಆ ಜಾಗದ ಮಳೆ, ಮಣ್ಣು, ಸೊಳ್ಳೆ ಯಾವುದೂ ಪುಸ್ತಕದಲ್ಲಿ ಬರೆದ ಹಾಗೆ ಇರಲಿಲ್ಲ.

ಈ ದೇಶ ಹುಟ್ಟಿದ್ದು ಹೇಗೆ?

ಗ್ರೆಗರ್ ಮ್ಯಾಕ್‌ಗ್ರೆಗರ್ ಎಂಬ ಸ್ಕಾಟ್ಲೆಂಡಿನ ಸೈನಿಕ ವೆನೆಜುವೆಲಾದ ಸ್ವಾತಂತ್ರ್ಯ ಯುದ್ಧದಲ್ಲಿ ಸಿಮೊನ್ ಬೊಲಿವಾರನ ಪಕ್ಷದಲ್ಲಿ ಹೋರಾಡಿ ಹೆಸರು ಮಾಡಿದ್ದ. 1820ರಲ್ಲಿ ಮಧ್ಯ ಅಮೆರಿಕದ ಕೆರಿಬಿಯನ್ ಕರಾವಳಿಗೆ ಹೋಗಿ, ಅಲ್ಲಿನ ಮಿಸ್ಕಿಟೊ ಜನಾಂಗದ ರಾಜನಿಗೆ ರಮ್ ಮತ್ತು ಒಡವೆ ಕೊಟ್ಟು, ಸುಮಾರು 80 ಲಕ್ಷ ಎಕರೆ ಕಾಡುಭೂಮಿಯ ಪತ್ರ ಬರೆಸಿಕೊಂಡ. ಲೆಕ್ಕ ಹಾಕಿದರೆ 32 ಸಾವಿರ ಚದರ ಕಿಲೋಮೀಟರ್, ಹೆಚ್ಚುಕಡಿಮೆ ನಮ್ಮ ಕರ್ನಾಟಕದ ಆರನೇ ಒಂದು ಭಾಗ. ಮರುವರ್ಷ ಲಂಡನ್ನಿಗೆ ಬಂದವನು ತಾನು ಪೊಯಾಯಿಸ್ ದೇಶದ ‘ಕಸೀಕ್’, ಅಂದರೆ ದೊರೆ, ಎಂದು ಸಾರಿದ.

ಬರೀ ಬಾಯಿಮಾತಾಗಿದ್ದರೆ ಯಾರೂ ನಂಬುತ್ತಿರಲಿಲ್ಲವೇನೋ. ಅವನ ಹತ್ತಿರ ಬಾವುಟವಿತ್ತು, ಸಂವಿಧಾನವಿತ್ತು, ಸೈನ್ಯದ ಸಮವಸ್ತ್ರದ ವಿನ್ಯಾಸವಿತ್ತು, ಅಚ್ಚುಹಾಕಿದ ಪೊಯಾಯಿಸ್ ಡಾಲರ್ ನೋಟುಗಳಿದ್ದವು. ರಾಜಧಾನಿ ಸೇಂಟ್ ಜೋಸೆಫ್‌ನಲ್ಲಿ ಕಲ್ಲುಹಾಸಿನ ಅಗಲ ರಸ್ತೆ, ನಾಟಕಶಾಲೆ, ಗುಮ್ಮಟದ ಚರ್ಚು, ಬ್ಯಾಂಕು ಇವೆ ಎಂಬ ವರ್ಣನೆಯಿತ್ತು. 1822ರ ಅಕ್ಟೋಬರಿನಲ್ಲಿ ಈ ‘ದೇಶ’ದ ಹೆಸರಿನಲ್ಲಿ ಲಂಡನ್ ಮಾರುಕಟ್ಟೆಯಿಂದ 2 ಲಕ್ಷ ಪೌಂಡ್ ಸಾಲಪತ್ರವೂ ಹೊರಟಿತು. ದಕ್ಷಿಣ ಅಮೆರಿಕದಲ್ಲಿ ಒಂದರ ಹಿಂದೊಂದು ಹೊಸ ದೇಶಗಳು ಹುಟ್ಟುತ್ತಿದ್ದ ಕಾಲ ಅದು. ಹೊಸ ಹೆಸರು ಕೇಳಿದರೆ ಜನ ಹುಬ್ಬೇರಿಸುತ್ತಿರಲಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಆ ಪುಸ್ತಕ. ಲೇಖಕನ ಜಾಗದಲ್ಲಿ ಥಾಮಸ್ ಸ್ಟ್ರೇಂಜ್‌ವೇಸ್ ಎಂಬ ಕ್ಯಾಪ್ಟನ್ನಿನ ಹೆಸರಿತ್ತು. ಬರೆದವನು ಮ್ಯಾಕ್‌ಗ್ರೆಗರನೇ, ಅಥವಾ ಅವನು ಬರೆಸಿದ್ದು. ಅದರ ಬಹುಭಾಗ ಆ ಕರಾವಳಿಯ ಬಗ್ಗೆ ಬಂದಿದ್ದ ಹಳೆಯ ಪುಸ್ತಕಗಳಿಂದ ಎತ್ತಿದ್ದು. ಹಾಗಾಗಿ ಮರಗಳ ಹೆಸರು, ನದಿಗಳ ಹೆಸರು, ಮೀನುಗಳ ಹೆಸರು ಎಲ್ಲ ಸರಿಯಾಗಿಯೇ ಇದ್ದವು. ಸಂಶಯದಿಂದ ಓದಿದವನೂ ಹತ್ತು ವಿಷಯ ತಾಳೆ ನೋಡಿದರೆ ಏಳೆಂಟು ಸರಿಹೋಗುತ್ತಿದ್ದವು. ಇಂದಿನ ಫಾರ್ವರ್ಡ್‌ಗಳ ಕಸುಬೂ ಇದೇ.

ಬೆಳಗಾವಿಯ ಅಕ್ಷಾಂಶ, ಬೇರೆಯೇ ಮಳೆ

ಪೊಯಾಯಿಸ್ ರಾಜಧಾನಿ ಇದೆ ಎಂದ ಜಾಗ ಇಂದಿನ ಹೊಂಡುರಾಸ್ ದೇಶದ ಈಶಾನ್ಯ ಕರಾವಳಿಯಲ್ಲಿದೆ. ಅಲ್ಲಿ ಸಮುದ್ರ ಸೇರುವ ನದಿಗೆ ಇಂಗ್ಲಿಷರು ‘ಕರಿಹೊಳೆ’ ಎಂಬ ಅರ್ಥದ ಬ್ಲ್ಯಾಕ್ ರಿವರ್ ಎಂಬ ಹೆಸರಿಟ್ಟಿದ್ದರು. ಅದರ ಅಕ್ಷಾಂಶ ಸುಮಾರು 16 ಡಿಗ್ರಿ ಉತ್ತರ. ನಮ್ಮ ಬೆಳಗಾವಿಯದೂ ಹೆಚ್ಚುಕಡಿಮೆ ಅಷ್ಟೇ.

ಬೆಳಗಾವಿಯಿಂದ ಪಶ್ಚಿಮಕ್ಕೆ ನಕ್ಷೆಯ ಮೇಲೆ ಬೆರಳಿಟ್ಟು ನೇರ ಎಳೆಯುತ್ತಾ ಹೋಗಿ. ಅರಬ್ಬಿ ಸಮುದ್ರ ದಾಟಿದರೆ ಯೆಮೆನ್. ಅಲ್ಲಿ ಬಹುಪಾಲು ಒಣನೆಲ. ಕೆಂಪು ಸಮುದ್ರ ದಾಟಿ ಮುಂದೆ ಹೋದರೆ ಸುಡಾನ್, ಚಾಡ್, ನೈಜರ್, ಮಾಲಿ. ಅದು ಸಹಾರಾ ಮರುಭೂಮಿಯ ದಕ್ಷಿಣದ ಅಂಚು. ಅಟ್ಲಾಂಟಿಕ್ ದಾಟಿ, ಕೆರಿಬಿಯನ್ ಸಮುದ್ರವನ್ನೂ ದಾಟಿದರೆ ಈ ಹೊಂಡುರಾಸ್ ಕರಾವಳಿ. ಇಲ್ಲಿ ದಟ್ಟ ಮಳೆಕಾಡು. ಒಂದೇ ಗೆರೆಯ ಮೇಲೆ ಮರಳುಗಾಡೂ ಇದೆ, ಮಳೆಕಾಡೂ ಇದೆ. ‘ಉಷ್ಣವಲಯದ ದೇಶ, ಆದ್ದರಿಂದ ಹಸಿರು, ಆದ್ದರಿಂದ ಸಮೃದ್ಧಿ’ ಎಂಬ ಲೆಕ್ಕ ನಿಲ್ಲುವುದಿಲ್ಲ ಎನ್ನಲು ಈ ಒಂದು ಗೆರೆ ಸಾಕು.

ಅಕ್ಷಾಂಶ ಹೇಳುವುದು ಬಿಸಿಲಿನ ಲೆಕ್ಕವನ್ನು. ಮಳೆಯ ಲೆಕ್ಕ ಗಾಳಿ, ಸಮುದ್ರ, ಬೆಟ್ಟಗಳದ್ದು. ಬೆಳಗಾವಿಗೆ ಮಳೆ ತರುವುದು ನೈಋತ್ಯ ಮುಂಗಾರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚಿನದೆಲ್ಲ ಸುರಿದುಬಿಡುತ್ತದೆ, ಆಮೇಲೆ ತಿಂಗಳುಗಟ್ಟಲೆ ಒಣಹವೆ. ಹೊಂಡುರಾಸ್ ಕರಾವಳಿಯಲ್ಲಿ ಬೀಸುವುದು ಈಶಾನ್ಯದ ವಾಣಿಜ್ಯ ಮಾರುತ. ಬೆಚ್ಚಗಿನ ಕೆರಿಬಿಯನ್ ಮೇಲೆ ಹಾದು ಬರುವ ಈ ಗಾಳಿ ಸಾಕಷ್ಟು ನೀರಾವಿ ಹೊತ್ತು ನೇರ ದಡಕ್ಕೆ ಬಡಿದು, ಒಳನಾಡಿನ ಬೆಟ್ಟಗಳಿಗೆ ಏರುತ್ತದೆ. ಏರಿದಾಗ ತಣಿಯುತ್ತದೆ, ತಣಿದಾಗ ಸುರಿಯುತ್ತದೆ. ವರ್ಷಕ್ಕೆ ಸುಮಾರು 2500ರಿಂದ 3000 ಮಿಲಿಮೀಟರ್ ಮಳೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸ್ವಲ್ಪ ಬಿಡುವು ಕೊಡುತ್ತದೆ ಅಷ್ಟೆ, ನಮ್ಮ ಬಯಲುಸೀಮೆಯ ಬೇಸಿಗೆಯಂತೆ ಪೂರ್ತಿ ಒಣಗುವುದಿಲ್ಲ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತಗಳ ಭಯ ಬೇರೆ. 1998ರ ‘ಮಿಚ್’ ಹೊಂಡುರಾಸ್‌ನಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. 2020ರ ನವೆಂಬರಿನಲ್ಲಿ ‘ಈಟಾ’, ‘ಅಯೋಟಾ’ ಎರಡು ವಾರದ ಅಂತರದಲ್ಲಿ ಒಂದರ ಹಿಂದೊಂದು ಅಪ್ಪಳಿಸಿದವು.

ಪುಸ್ತಕ ಈ ಹವೆಯನ್ನು ಯುರೋಪಿನವರ ದೇಹಕ್ಕೆ ಒಗ್ಗುವ, ಆರೋಗ್ಯಕರ ಹವೆ ಎಂದಿತ್ತು.

ದಟ್ಟ ಕಾಡಿದ್ದರೆ ಮಣ್ಣೂ ಫಲವತ್ತೇ?

ಇದು ನಮ್ಮಲ್ಲೂ ಬಹಳ ಜನ ನಂಬಿರುವ ಮಾತು. ಅಷ್ಟೆತ್ತರದ ಮರ ಬೆಳೆದಿದೆ ಎಂದರೆ ನೆಲ ಬಂಗಾರವೇ ಇರಬೇಕಲ್ಲ? ಮೂರು ಬೆಳೆಯ ಆಸೆ ಹುಟ್ಟುವುದೂ ಇಲ್ಲಿಂದಲೇ.

ಮಳೆಕಾಡಿನಲ್ಲಿ ಪೋಷಕಾಂಶಗಳ ದೊಡ್ಡ ಪಾಲು ಮಣ್ಣಿನಲ್ಲಿರುವುದಿಲ್ಲ, ಮರಗಿಡಗಳ ಮೈಯಲ್ಲಿರುತ್ತದೆ. ಎಲೆ ಉದುರುತ್ತದೆ, ಬಿಸಿ ಮತ್ತು ತೇವದಲ್ಲಿ ಬೇಗ ಕೊಳೆಯುತ್ತದೆ, ಮೇಲ್ಪದರದಲ್ಲೇ ಹರಡಿಕೊಂಡ ಬೇರುಗಳು ತಕ್ಷಣ ಹೀರಿಕೊಳ್ಳುತ್ತವೆ. ಕೈಯಿಂದ ಕೈಗೆ ಓಡಾಡುವ ದುಡ್ಡಿನಂತೆ, ಗಲ್ಲದಲ್ಲಿ ಉಳಿಯುವುದು ಕಡಿಮೆ. ಕಾಡು ಕಡಿದರೆ ಈ ಓಡಾಟ ನಿಲ್ಲುತ್ತದೆ, ಉಳಿದದ್ದನ್ನು ಮಳೆ ತೊಳೆದುಕೊಂಡು ಹೋಗುತ್ತದೆ. ಮೊದಲ ಒಂದೆರಡು ಬೆಳೆ ಚೆನ್ನಾಗಿ ಬಂದು ಆಮೇಲೆ ಇಳುವರಿ ಬೀಳುವುದು ಇದಕ್ಕೇ. ಪಶ್ಚಿಮ ಘಟ್ಟದಲ್ಲಿ ಕುಮರಿ ಬೇಸಾಯ ಮಾಡುತ್ತಿದ್ದವರು ಕಾಡು ಸುಟ್ಟ ಜಾಗದಲ್ಲಿ ಕೆಲವು ಬೆಳೆ ತೆಗೆದು, ವರ್ಷಗಟ್ಟಲೆ ಪಾಳು ಬಿಟ್ಟು ಮುಂದೆ ಹೋಗುತ್ತಿದ್ದದ್ದು ಸೋಮಾರಿತನದಿಂದಲ್ಲ, ಮಣ್ಣಿನ ಈ ಗುಣ ಗೊತ್ತಿದ್ದರಿಂದ. ಹೊಳೆ ಉಕ್ಕಿ ಹೊಸ ಮೆಕ್ಕಲು ಹಾಕುವ ದಡಗಳ ಮಾತು ಬೇರೆ, ಅಲ್ಲಿ ಬೆಳೆ ಬರುತ್ತದೆ. ಆದರೆ ಆ ಕರಾವಳಿಯಲ್ಲಿ ಎಷ್ಟೋ ಕಡೆ ಮರಳು, ಜಲ್ಲಿ ತುಂಬಿದ ಬಡಮಣ್ಣಿದೆ. ಅಲ್ಲಿ ಪೈನ್ ಮರ ಮತ್ತು ಹುಲ್ಲು ಬಿಟ್ಟರೆ ಹೆಚ್ಚೇನೂ ಬರುವುದಿಲ್ಲ.

ಹಡಗು ಇಳಿದಾಗ

ಮೊದಲ ಹಡಗು ಸುಮಾರು 70 ಜನರನ್ನು ಹೊತ್ತು 1822ರ ಸೆಪ್ಟೆಂಬರಿನಲ್ಲಿ ಲಂಡನ್ ಬಿಟ್ಟಿತು. ಎರಡನೆಯದು 1823ರ ಜನವರಿಯಲ್ಲಿ ಸ್ಕಾಟ್ಲೆಂಡಿನ ಲೀತ್ ಬಂದರಿನಿಂದ ಹೊರಟಿತು, ಅದರಲ್ಲಿ ಸುಮಾರು 200 ಜನ. ತಮ್ಮ ಉಳಿತಾಯದ ಪೌಂಡುಗಳನ್ನು ಅನೇಕರು ಪೊಯಾಯಿಸ್ ಡಾಲರಿಗೆ ಬದಲಾಯಿಸಿಕೊಂಡಿದ್ದರು. ಡಾಕ್ಟರು, ವಕೀಲರು, ಬ್ಯಾಂಕಿನ ಕೆಲಸಕ್ಕೆಂದು ನೇಮಕಗೊಂಡವನು ಎಲ್ಲರೂ ಇದ್ದರು. ಚಮ್ಮಾರನೊಬ್ಬನಿಗೆ ಪೊಯಾಯಿಸ್ ರಾಜಕುಮಾರಿಯ ಅಧಿಕೃತ ಪಾದರಕ್ಷೆ ತಯಾರಕ ಎಂಬ ಹುದ್ದೆಯ ಭರವಸೆ ಸಿಕ್ಕಿತ್ತು.

ಎರಡನೆಯ ಹಡಗಿನವರು ಮಾರ್ಚ್‌ನಲ್ಲಿ ಇಳಿದಾಗ ಕಂಡದ್ದು ಕಾಡು, ಮೊದಲು ಬಂದವರ ಗುಡಿಸಲುಗಳು ಮತ್ತು ಹಳೆಯ ವಸಾಹತಿನ ಕೆಲವು ಮುರಿದ ಗೋಡೆಗಳು. 1730ರ ದಶಕದಲ್ಲಿ ಬ್ರಿಟಿಷರು ಅಲ್ಲಿ ನೆಲೆಯೂರಿದ್ದು ನಿಜ. ಸ್ಪೇನಿನ ಜತೆಗಿನ ಒಪ್ಪಂದದಂತೆ 1787ರಲ್ಲಿ ಖಾಲಿ ಮಾಡಿ ಹೋಗಿದ್ದರು. ಸುಳ್ಳಿಗೆ ಬೇಕಾದ ಚೂರು ನಿಜ ಅದಾಗಿತ್ತು.

ಮಳೆ ಶುರುವಾಯಿತು, ಜ್ವರವೂ ಶುರುವಾಯಿತು. ಮಲೇರಿಯಾ ಮತ್ತು ಹಳದಿ ಜ್ವರ. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಎಂಬುದಕ್ಕೆ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಪುರಾವೆ ಕಂಡದ್ದು 1897ರಲ್ಲಿ, ಅಂದರೆ 74 ವರ್ಷಗಳ ನಂತರ. ಆಗಿನವರ ನಂಬಿಕೆಯಲ್ಲಿ ಜ್ವರ ಬರುತ್ತಿದ್ದುದು ಜೌಗಿನ ಕೆಟ್ಟ ಗಾಳಿಯಿಂದ. ಸಿಂಕೋನ ತೊಗಟೆಯಿಂದ ಕ್ವಿನೈನ್ ಬೇರ್ಪಡಿಸಿ ಮೂರು ವರ್ಷವಾಗಿತ್ತಷ್ಟೆ. ಚಿಕ್ಕಂದಿನಿಂದ ಮಲೇರಿಯಾ ಸೀಮೆಯಲ್ಲಿ ಬೆಳೆದವರ ದೇಹಕ್ಕೆ ಅಷ್ಟಿಷ್ಟು ತಡೆಶಕ್ತಿ ಬಂದಿರುತ್ತದೆ. ಸ್ಕಾಟ್ಲೆಂಡಿನ ಚಳಿಯಿಂದ ನೇರ ಬಂದವರಿಗೆ ಅದೂ ಇರಲಿಲ್ಲ. ರಾಜಕುಮಾರಿಗೆ ಪಾದರಕ್ಷೆ ಹೊಲಿಯಲು ಬಂದಿದ್ದ ಚಮ್ಮಾರ ಗುಂಡು ಹಾರಿಸಿಕೊಂಡು ಸತ್ತ.

ಮೇ ತಿಂಗಳಲ್ಲಿ ಬೆಲೀಜ್‌ನಿಂದ ಬಂದ ಹಡಗೊಂದು ಆಕಸ್ಮಿಕವಾಗಿ ಇವರನ್ನು ಕಂಡಿತು. ಪೊಯಾಯಿಸ್ ಎಂಬ ದೇಶವೇ ಇಲ್ಲ ಎಂದು ಅವರಿಗೆ ಖಚಿತವಾದದ್ದು ಆಗ. ಬೆಲೀಜ್‌ಗೆ ಸಾಗಿಸಿದ ಮೇಲೂ ಅನೇಕರು ಸತ್ತರು. ಬ್ರಿಟನ್ನಿಗೆ ಮರಳಿದವರು 50ಕ್ಕಿಂತ ಕಡಿಮೆ. ಹಾಗೆ ಮರಳಿದವರಲ್ಲೇ ಕೆಲವರು ಮ್ಯಾಕ್‌ಗ್ರೆಗರನ ತಪ್ಪಿಲ್ಲ, ಜತೆಗಿದ್ದವರು ಕೆಡಿಸಿದರು ಎಂದು ಅವನ ಪರ ನಿಂತರು. ಎರಡು ಮಕ್ಕಳನ್ನು ಕಳೆದುಕೊಂಡಿದ್ದ ಜೇಮ್ಸ್ ಹೇಸ್ಟಿ ಕೂಡ ಅವರಲ್ಲೊಬ್ಬ.

ಆದರೆ ಈ ಕಥೆ ಕೇಳಿ ಅದು ಮನುಷ್ಯರು ಬಾಳಲಾಗದ ಜಾಗ ಎಂದುಕೊಂಡರೆ ಅದೂ ತಪ್ಪು. ಮಿಸ್ಕಿಟೊ ಜನ ಅಲ್ಲಿ ಆಗಲೂ ಇದ್ದರು, ಈಗಲೂ ಇದ್ದಾರೆ. ಮೀನು, ಮರಗೆಣಸು, ಬಾಳೆಯ ಮೇಲೆ ಬದುಕಿದ್ದಾರೆ. ‘ಮಸ್ಕಿಟೊ ಕೋಸ್ಟ್’ ಎಂಬ ಹೆಸರು ಬಂದದ್ದು ಸೊಳ್ಳೆಯಿಂದ ಎಂದು ಬಹಳ ಜನ ತಿಳಿದಿದ್ದಾರೆ. ಅದು ಬಂದದ್ದು ಈ ಜನರ ಹೆಸರಿನಿಂದ.

ಇಂಥ ಸಂದೇಶ ನಿಮಗೆ ಬಂದರೆ?

ಮೊದಲು ಮ್ಯಾಪ್ ತೆರೆಯಿರಿ. ವಿಶ್ವಸಂಸ್ಥೆಯಲ್ಲಿ 193 ಸದಸ್ಯ ದೇಶಗಳಿವೆ, ಪಟ್ಟಿ ಎಲ್ಲರಿಗೂ ಸಿಗುತ್ತದೆ. ಸಭೆಯಲ್ಲಿ ಮಾತಾಡಿದ ವಿಡಿಯೊ ಇದ್ದ ಮಾತ್ರಕ್ಕೆ ಸದಸ್ಯತ್ವ ಸಿಕ್ಕಂತಲ್ಲ. 2023ರಲ್ಲಿ ‘ಕೈಲಾಸ’ ಎಂಬ ದೇಶದವರೆಂದು ಹೇಳಿಕೊಂಡವರು ಜಿನೀವಾದಲ್ಲಿ ಮಾತಾಡಿದ್ದು ಸಾರ್ವಜನಿಕರಿಗೆ ತೆರೆದಿದ್ದ ಸಭೆಗಳಲ್ಲಿ. ಅವರು ಹೇಳಿದ್ದನ್ನು ಪರಿಗಣಿಸುವುದಿಲ್ಲ ಎಂದು ವಿಶ್ವಸಂಸ್ಥೆಯ ಕಚೇರಿಯೇ ಸ್ಪಷ್ಟಪಡಿಸಿತ್ತು.

ದೇಶ ನಿಜವೇ ಆಗಿದ್ದು ‘ಹವೆ ಸ್ವರ್ಗ, ಭೂಮಿ ಅಗ್ಗ’ ಎಂಬ ಮಾತಿನ ಬಗ್ಗೆ ಅನುಮಾನ ಬಂದರೆ, ಆ ಜಾಗದ ಹತ್ತಿರದ ದೊಡ್ಡ ಊರಿನ ಹೆಸರು ಹಾಕಿ ತಿಂಗಳವಾರು ಮಳೆ ಮತ್ತು ತಾಪಮಾನ ಹುಡುಕಿ. ಸರಾಸರಿಯನ್ನಷ್ಟೇ ನೋಡಿ ಬಿಡಬೇಡಿ. ಸರಾಸರಿ 27 ಡಿಗ್ರಿ ಎಂದರೆ ಕೇಳಲು ಹಿತ, ಆದರೆ ಜತೆಗೆ ತೇವಾಂಶ ಎಷ್ಟು, ಮಳೆ ಎಷ್ಟು ತಿಂಗಳು, ಬೀಸುವ ಗಾಳಿಗೆ ಎದುರಾಗಿರುವ ದಡವೋ ಬೆಟ್ಟದ ಮರೆಯೋ ಎಂಬುದನ್ನೂ ನೋಡಬೇಕು. ಮ್ಯಾಪಿನ ಉಪಗ್ರಹ ಚಿತ್ರಕ್ಕೆ ಬದಲಾಯಿಸಿದರೆ ಹೇಳಿದ ರಸ್ತೆ, ಕಟ್ಟಡ ಇವೆಯೋ ಇಲ್ಲವೋ ಒಂದು ನಿಮಿಷದಲ್ಲಿ ಕಾಣುತ್ತದೆ. ಹಡಗು ಹತ್ತಿದವರಿಗೆ ಈ ಒಂದು ನಿಮಿಷದ ಅನುಕೂಲ ಇರಲಿಲ್ಲ.

ವಿದೇಶದಲ್ಲಿ ಕೆಲಸ ಎಂಬ ಸಂದೇಶವಾದರೆ ಇನ್ನೂ ಎಚ್ಚರ ಬೇಕು. ಥಾಯ್ಲೆಂಡಿನಲ್ಲಿ ನೌಕರಿ ಎಂದು ಹೇಳಿ ಭಾರತೀಯರನ್ನು ಮ್ಯಾನ್ಮಾರಿನ ಸೈಬರ್ ವಂಚನೆ ಕೇಂದ್ರಗಳಿಗೆ ಸಾಗಿಸಿದ ಪ್ರಕರಣಗಳು ಈಚಿನವೇ. ಏಜೆಂಟ್ ನೋಂದಾಯಿತನೇ ಎಂಬುದನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ಆನ್‌ಲೈನಿನಲ್ಲಿ ದುಡ್ಡು ಕೊಟ್ಟು ಮೋಸ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಮ್ಯಾಕ್‌ಗ್ರೆಗರ್ ಏನಾದ ಎಂದು ಕೇಳುವಿರಿ. ಅವನು ಫ್ರಾನ್ಸಿಗೆ ಹೋಗಿ ಇದೇ ಪೊಯಾಯಿಸ್ ಅನ್ನು ಮತ್ತೆ ಮಾರಲು ನೋಡಿದ. ಅಲ್ಲಿ ಬಂಧನವಾಯಿತು, ವಿಚಾರಣೆ ನಡೆಯಿತು, 1826ರಲ್ಲಿ ಖುಲಾಸೆಯಾದ. ಕೊನೆಗೆ ವೆನೆಜುವೆಲಾಕ್ಕೆ ಮರಳಿ, ಹಳೆಯ ಯೋಧನೆಂದು ಸರ್ಕಾರಿ ಪಿಂಚಣಿ ಪಡೆದು, 1845ರಲ್ಲಿ ಕರಾಕಸ್‌ನಲ್ಲಿ ತೀರಿಕೊಂಡ. ಅವನು ಅಚ್ಚುಹಾಕಿಸಿದ ಪೊಯಾಯಿಸ್ ಡಾಲರ್‌ಗೆ ಅಂದು ಕಾಸಿನ ಬೆಲೆ ಇರಲಿಲ್ಲ. ಇಂದು ಹಳೆಯ ನೋಟು ಸಂಗ್ರಹಿಸುವವರು ಅದನ್ನು ಹರಾಜಿನಲ್ಲಿ ಹುಡುಕಿ ಕೊಳ್ಳುತ್ತಾರೆ.