ಹಾಳೂರನ್ನು ಕಟ್ಟಿದ ಕಥೆ

ಇಂಗ್ಲಿಷ್ ಪಾಠ ಹೇಳಲೆಂದೋ ಶಾಲೆಯ ಗೋಡೆಗೆ ಬಣ್ಣ ಬಳಿಯಲೆಂದೋ ಕಾಂಬೋಡಿಯಾಕ್ಕೆ ಹೋಗುವ ಸ್ವಯಂಸೇವಕರಿಗೆ ಶನಿವಾರ, ಭಾನುವಾರ ಬಿಡುವು ಸಿಕ್ಕರೆ ಎಲ್ಲಿಗೆ ಹೋಗಬೇಕೆಂದು ಯೋಚಿಸುವ ಕಷ್ಟವಿಲ್ಲ. ಸಿಯೆಮ್ ರೀಪ್ ಪಟ್ಟಣದಲ್ಲಿ ಬಾಡಿಗೆಗೊಂದು ಟುಕ್‌ಟುಕ್, ಒಂದು ದಿನಕ್ಕೆ 37 ಡಾಲರಿನ ಅಥವಾ ಮೂರು ದಿನಕ್ಕೆ 62 ಡಾಲರಿನ ಟಿಕೆಟ್, ನಸುಕಿನಲ್ಲಿ ಅಂಗ್ಕೋರ್ ವಾಟ್‌ನ ಕೊಳದ ದಂಡೆ, ಬಿಸಿಲೇರುವ ಮುಂಚೆ ಬಾಯೋನ್, ಆಮೇಲೆ ಮರದ ಬೇರುಗಳು ಹಬ್ಬಿದ ತಾ ಪ್ರೋಮ್. ಉಳಿಯುವ ಪ್ರಶ್ನೆ ಒಂದೇ: ಸಣ್ಣ ಸುತ್ತೋ, ದೊಡ್ಡ ಸುತ್ತೋ? ಈ ಎರಡು ಸುತ್ತುಗಳು ಖ್ಮೇರ್ ರಾಜರ ಕಾಲದವಲ್ಲ. ಕಾರಿನಲ್ಲಿ ಬರುವ ಯುರೋಪಿಯನ್ ಪ್ರವಾಸಿಗೆ ಅನುಕೂಲವಾಗಲೆಂದು 1920ರ ದಶಕದಲ್ಲಿ ಫ್ರೆಂಚ್ ಆಡಳಿತ ಹಾಕಿಸಿದ ಸುಮಾರು 17 ಮತ್ತು 26 ಕಿಲೋಮೀಟರ್ ಉದ್ದದ ರಸ್ತೆಗಳು ಅವು. 1925ರಲ್ಲಿ ಇಡೀ ಪ್ರದೇಶವನ್ನು ಅಂಗ್ಕೋರ್ ಉದ್ಯಾನವೆಂದು ಘೋಷಿಸಲಾಯಿತು. ಹಾಗೆ ಹಾಕಿಕೊಟ್ಟದ್ದು ರಸ್ತೆ ಮಾತ್ರವಾಗಿದ್ದರೆ ಹೇಳುವಂಥದ್ದೇನೂ ಇರಲಿಲ್ಲ. ರಸ್ತೆಯ ಬದಿಯಲ್ಲಿ ಕಾಣುವ ‘ಹಾಳು’, ಅಂದರೆ ಜನ ಬಿಟ್ಟುಹೋದ, ಕಾಡು ನುಂಗಿದ, ಹೊರಗಿನವರು ಬಂದು ಕಂಡುಹಿಡಿದ ನಗರ ಎಂಬ ಚಿತ್ರವೂ ಬಹುಮಟ್ಟಿಗೆ ಅದೇ ಕಾಲದಲ್ಲಿ ಕಟ್ಟಿದ್ದು ಎಂಬುದು ನನ್ನ ವಾದ.

ಅಂಗ್ಕೋರ್ ವಾಟ್ 12ನೇ ಶತಮಾನದ ಮೊದಲರ್ಧದಲ್ಲಿ ಎರಡನೇ ಸೂರ್ಯವರ್ಮ ಕಟ್ಟಿಸಿದ ವಿಷ್ಣುವಿನ ಗುಡಿ. 1431ರಲ್ಲಿ ಅಯುತ್ಥಯದ ಸಯಾಮಿ ಸೈನ್ಯ ಅಂಗ್ಕೋರನ್ನು ಸೂರೆಮಾಡಿತು, ರಾಜಧಾನಿ ದಕ್ಷಿಣಕ್ಕೆ ಸರಿಯಿತು, ಉಳಿದದ್ದನ್ನು ಕಾಡು ಮುಚ್ಚಿತು ಎಂಬುದು ಎಲ್ಲರೂ ಹೇಳುವ ಕಥೆ. ರಾಜಧಾನಿ ಸರಿದದ್ದು ನಿಜ. 14, 15ನೇ ಶತಮಾನಗಳ ದೀರ್ಘ ಬರಗಾಲ ಮತ್ತು ನಡುನಡುವಿನ ಅತಿವೃಷ್ಟಿಗಳು ಕೆರೆಕಾಲುವೆಗಳ ವ್ಯವಸ್ಥೆಯನ್ನೇ ಕೆಡಿಸಿದವೆಂದು ಮರಗಳ ಉಂಗುರಗಳ ಅಧ್ಯಯನ ಸೂಚಿಸುತ್ತದೆ. ಆದರೆ ಅರಸ ಹೊರಟುಹೋದ ಮಾತ್ರಕ್ಕೆ ಊರಿಗೆ ಊರೇ ಖಾಲಿಯಾಗುವುದಿಲ್ಲ. ವಾಟ್‌ನ ಆವರಣದೊಳಗೆ ನಡೆದ ಉತ್ಖನನಗಳಲ್ಲಿ ಸಿಕ್ಕ ಇದ್ದಿಲಿನ ಕಾಲನಿರ್ಣಯ ಮಾಡಿದಾಗ, ಆ ಪತನದ ಕಾಲದಲ್ಲೇ ಅಲ್ಲಿ ಮತ್ತೆ ವಸತಿ ಕಾಣಿಸಿಕೊಂಡು ಮುಂದೆ 17, 18ನೇ ಶತಮಾನದವರೆಗೂ ನಡೆದುಬಂದದ್ದು ತಿಳಿಯಿತು. 16ನೇ ಶತಮಾನದ ನಡುವಿನಲ್ಲಿ ಅಂಗ್ ಚಾನ್ ಎಂಬ ಅರಸ ಈಶಾನ್ಯ ಭಾಗದ ಗೋಡೆಗಳಲ್ಲಿ ಅರೆಬರೆ ಉಳಿದಿದ್ದ ಶಿಲ್ಪಪಟ್ಟಿಕೆಗಳನ್ನು ಪೂರ್ಣಗೊಳಿಸಿದ. ಗುಡಿ ಅಷ್ಟು ಹೊತ್ತಿಗೆ ಥೇರವಾದ ಬೌದ್ಧರದಾಗಿತ್ತು. ಅಲ್ಲಿ ಬುದ್ಧಮೂರ್ತಿಗಳನ್ನಿಟ್ಟು ಪುಣ್ಯ ಕಟ್ಟಿಕೊಂಡವರ ಶಾಸನಗಳು 18ನೇ ಶತಮಾನದವರೆಗೂ ಸಿಗುತ್ತವೆ. ಅವರಲ್ಲಿ ವಿದೇಶಿಯರೂ ಇದ್ದರು: 1632ರಲ್ಲಿ ಮೊರಿಮೊತೊ ಉಕೊಂದಾಯು ಎಂಬ ಜಪಾನಿ ಕಡಲು ದಾಟಿ ಬಂದು ನಾಲ್ಕು ಬುದ್ಧಮೂರ್ತಿಗಳನ್ನು ಅರ್ಪಿಸಿದೆನೆಂದು ಕಂಬದ ಮೇಲೆ ಮಸಿಯಲ್ಲಿ ಬರೆದು ಹೋದ. ಅಂಗ್ಕೋರ್ ವಾಟನ್ನೇ ಬುದ್ಧನ ಜೇತವನವೆಂದು ನಂಬಿದ್ದ ಜಪಾನಿಗಳ ಬಳಿ ಅದರ ನಕ್ಷೆಯೂ ಇತ್ತು. 1715ರಲ್ಲಿ ಮಾಡಿದ ಅದರ ಪ್ರತಿ ಇಂದಿಗೂ ಇದೆ. ನಕ್ಷೆ ಬರೆದುಕೊಂಡು ಯಾತ್ರೆಗೆ ಹೋಗಿಬರುವ ಜಾಗವನ್ನು ‘ಕಳೆದುಹೋದ ನಗರ’ ಎನ್ನುವುದು ಹೇಗೆ?

ಹಾಗೆಂದವರು ಆನ್ರಿ ಮೂಓವಿನ ಓದುಗರು. ಈ ಫ್ರೆಂಚ್ ಜೀವವಿಜ್ಞಾನಿ 1860ರಲ್ಲಿ ಅಂಗ್ಕೋರಿಗೆ ಬಂದ, ಮರುವರ್ಷ ಲಾವೋಸ್‌ನಲ್ಲಿ ಜ್ವರದಿಂದ ಸತ್ತ. ಅವನ ಸಚಿತ್ರ ದಿನಚರಿ 1863ರಿಂದ ಯುರೋಪಿನಲ್ಲಿ ಅಚ್ಚಾಗಿ ಭಾರಿ ಜನಪ್ರಿಯವಾಯಿತು. ಅವನಿಗಿಂತ ಹತ್ತು ವರ್ಷ ಮೊದಲೇ ಬಂದಿದ್ದ ಬೂಯೆವೊ ಎಂಬ ಪಾದ್ರಿಯ ಬರಹ ಯಾರ ಕಣ್ಣಿಗೂ ಬೀಳಲಿಲ್ಲ. 16ನೇ ಶತಮಾನದ ಪೋರ್ಚುಗೀಸರ ವರ್ಣನೆಗಳಂತೂ ದೂರವೇ ಉಳಿದವು. ಮೂಓ ಸ್ವತಃ ಕಂಡುಹಿಡಿದೆನೆಂದು ಡಂಗುರ ಹೊಡೆದವನಲ್ಲ. ಆದರೆ ಇದನ್ನು ಕಟ್ಟಿದವರಾರೆಂದು ಊರವರನ್ನು ಕೇಳಿದಾಗ ಇಂದ್ರನ ಕೆಲಸ, ದೈತ್ಯರ ಕೆಲಸ ಎಂಬ ಉತ್ತರ ಬಂತೆಂದು ಬರೆದ. ಈ ಜನಕ್ಕೆ ತಮ್ಮ ಪೂರ್ವಜರೇ ಮರೆತುಹೋಗಿದ್ದಾರೆ ಎಂಬುದಕ್ಕೆ ಅದೇ ಸಾಕ್ಷಿಯಾಯಿತು, ಮರೆತವರ ಆಸ್ತಿಯನ್ನು ನೆನಪಿರುವವರು ನೋಡಿಕೊಳ್ಳಬೇಕೆಂಬ ವಾದಕ್ಕೆ ತಳಹದಿಯೂ ಆಯಿತು. ಈ ತರ್ಕ ಎಷ್ಟು ಪೊಳ್ಳೆಂಬುದು ಕನ್ನಡಿಗರಿಗೆ ಬೇಗ ಹೊಳೆಯಬೇಕು. ಖ್ಮೇರರ ಐತಿಹ್ಯದಲ್ಲಿ ಅಂಗ್ಕೋರ್ ವಾಟನ್ನು ಕಟ್ಟಿದವನು ವಿಶ್ವಕರ್ಮ. ನಮ್ಮಲ್ಲಿ ಬೇಲೂರಿನಿಂದ ಹಿಡಿದು ಊರೂರಿನ ಕಲ್ಲುಗುಡಿಗಳನ್ನೆಲ್ಲ ಕಟ್ಟಿದವನು ಜಕಣಾಚಾರಿ. ಶಾಸನ ಓದಲು ಬಾರದವನು ಹಾಗೆಂದ ಮಾತ್ರಕ್ಕೆ ಆ ಗುಡಿಯ ಒಕ್ಕಲಲ್ಲ ಎಂದು ಯಾರೂ ತೀರ್ಮಾನಿಸಲಿಲ್ಲ.

ಇಲ್ಲೊಂದು ಬಲವಾದ ಆಕ್ಷೇಪವಿದೆ. ರಾಜರ ಹೆಸರುಗಳು ನಿಜವಾಗಿಯೂ ಜನರ ಬಾಯಲ್ಲಿ ಉಳಿದಿರಲಿಲ್ಲ. ಸಂಸ್ಕೃತ, ಹಳೆಯ ಖ್ಮೇರ್ ಶಾಸನಗಳನ್ನು ಓದಿ ವಂಶಾವಳಿ ಜೋಡಿಸಿದವರು ಬಾರ್ತ್, ಎಮೊನಿಯೇ, ಸೆದೆಸ್‌ರಂಥ ವಿದ್ವಾಂಸರು. ಬಾಯೋನ್ ಗುಡಿ ಖ್ಮೇರ್ ಅರಸ ಏಳನೇ ಜಯವರ್ಮನ ಕಾಲದ್ದೆಂದು 1928ರಲ್ಲಿ ಸೆದೆಸ್ ಖಚಿತಪಡಿಸುವವರೆಗೂ ಫ್ರೆಂಚ್ ಪಂಡಿತರೇ ಅದನ್ನು ಶತಮಾನಗಟ್ಟಲೆ ಹಿಂದಕ್ಕೆ ಹಾಕಿದ್ದರು. ಈ ದುಡಿಮೆಯನ್ನು ವಸಾಹತುಶಾಹಿಯ ಚಾಳಿ ಎಂದು ತಳ್ಳಿಹಾಕುವುದು ಕೃತಘ್ನತೆ. ನಾನು ಒಪ್ಪದಿರುವುದು ಅಲ್ಲಿಂದ ಮುಂದಿನ ಹೆಜ್ಜೆಯನ್ನು. ಇತಿಹಾಸ ತಿಳಿಯುವುದು ಒಂದು ಕೆಲಸ, ಜಾಗದ ಯಜಮಾನಿಕೆ ಇನ್ನೊಂದು. ಹಾಳೂರಿಗೆ ಉಳಿದವನೇ ಗೌಡ ಎನ್ನುತ್ತಾರೆ ನಮ್ಮಲ್ಲಿ. ಅಂಗ್ಕೋರಿನಲ್ಲಿ ಉಳಿದವರು ಇದ್ದೇ ಇದ್ದರು, ಗೌಡಿಕೆ ಮಾತ್ರ ಬಂದವರ ಪಾಲಾಯಿತು.

1907ರಲ್ಲಿ ಸಯಾಮಿನಿಂದ ಈ ಪ್ರದೇಶ ಫ್ರೆಂಚರ ರಕ್ಷಣೆಯ ಕಾಂಬೋಡಿಯಾಕ್ಕೆ ಮರಳಿತು, ಮರುವರ್ಷವೇ ಅಂಗ್ಕೋರ್ ಸಂರಕ್ಷಣಾ ಕಚೇರಿ ಶುರುವಾಯಿತು. ಅದರ ಮೊದಮೊದಲ ಕೆಲಸಗಳಲ್ಲೊಂದು, ವಾಟ್‌ನ ಮುಂದೆಯೇ ಇದ್ದ ಭಿಕ್ಷುಗಳ ವಿಹಾರವನ್ನು ನೋಟಕ್ಕೆ ಅಡ್ಡವೆಂದು ಬದಿಗೆ ಸರಿಸಿದ್ದು. ಇಂದು ಆವರಣದ ಉತ್ತರಕ್ಕೊಂದು, ದಕ್ಷಿಣಕ್ಕೊಂದು ವಿಹಾರವಿದೆ. ಚಿತ್ರದ ಚೌಕಟ್ಟಿನೊಳಗೆ ಎರಡೂ ಬೀಳುವುದಿಲ್ಲ. ತಾ ಪ್ರೋಮ್‌ನ ಕಥೆ ಇನ್ನೂ ಸ್ವಾರಸ್ಯದ್ದು. ಮಿಕ್ಕ ಗುಡಿಗಳ ಮೇಲಿನ ಕಾಡನ್ನೆಲ್ಲ ಕಡಿದ ಫ್ರೆಂಚ್ ವಿದ್ವಾಂಸರು, ಮೊದಲು ಕಂಡವರಿಗೆ ಹೇಗೆ ಕಂಡಿತ್ತೋ ಹಾಗೇ ಒಂದಾದರೂ ಇರಲಿ ಎಂದು ಇದನ್ನು ಬೇಕೆಂದೇ ಬಿಟ್ಟರು. ಬಿಟ್ಟರು ಎಂದರೂ ಸರಿಯಲ್ಲ: ಪೊದೆ ಕಡಿದು ದಾರಿ ಮಾಡಿ, ಬೀಳುವ ಗೋಡೆಗೆ ಊರುಗೋಲು ಕೊಟ್ಟು, ಬೀಳಬಾರದ ಮರವನ್ನು ಕಾಪಾಡಿ ಈ ‘ಸಹಜ’ ಹಾಳನ್ನು ನಿಭಾಯಿಸಬೇಕಾಯಿತು. ಈಗ ಆ ಹೊಣೆಯಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆಗೂ ಪಾಲಿದೆ. ಅದೇ ಗುಡಿಯ 1186ರ ಶಾಸನ ಕಲ್ಲಿಗಿಂತ ಹೆಚ್ಚಾಗಿ ಜನರನ್ನು ಎಣಿಸುತ್ತದೆ: ಗುಡಿಗೆ ಬಿಟ್ಟ ಹಳ್ಳಿಗಳು 3,140, ಸೇವೆಗೆ ಸೇರಿದವರು 79,365, ಒಳಗೆ ವಾಸಿಸುವ ಹಕ್ಕಿದ್ದವರು 12,640, ಅವರಲ್ಲಿ ನರ್ತಕಿಯರು 615. ಅಕ್ಕಿ, ಎಣ್ಣೆ, ಬಟ್ಟೆ, ಜೇನುತುಪ್ಪದ ಲೆಕ್ಕವೂ ಇದೆ. ಕಟ್ಟಿಸಿದವನ ಕಣ್ಣಿಗೆ ಗುಡಿ ಎಂದರೆ ಈ ಜನಸಂದಣಿ. 2001ರಲ್ಲಿ ತೆರೆಕಂಡ ಹಾಲಿವುಡ್ಡಿನ ‘ಟೂಂಬ್ ರೈಡರ್’ ಇಲ್ಲಿ ಚಿತ್ರೀಕರಣವಾದ ಮೇಲಂತೂ ನೋಡುಗರಿಗೆ ಬೇಕಾದದ್ದು ಬೇರು ಮತ್ತು ಮೌನ. ಅದಕ್ಕೇ ಉದ್ದನೆಯ ಸರದಿ ಇರುತ್ತದೆ ಎಂಬುದು ಬೇರೆ ಮಾತು.

ಜನರನ್ನು ದೂರ ಇಡದೆ ಕಲ್ಲನ್ನು ಉಳಿಸಲಾಗದು ಎನ್ನುವವರಿದ್ದಾರೆ. ಮನೆ, ಅಂಗಡಿ, ಒಲೆಯ ಹೊಗೆ, ಕೊಳಚೆ ಸ್ಮಾರಕಕ್ಕೆ ಹಾನಿ ಮಾಡುತ್ತವೆ ಎಂಬ ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಹಾನಿಯ ದಾಖಲೆ ನೋಡಿದರೆ ಹಳ್ಳಿಗರ ಹೆಸರು ಮೊದಲು ಬರುವುದಿಲ್ಲ. 1923ರಲ್ಲಿ ಬಾಂತೇ ಸ್ರೈ ಗುಡಿಯ ಶಿಲ್ಪಗಳನ್ನು ಕಿತ್ತು ಸಾಗಿಸಿ ಸಿಕ್ಕಿಬಿದ್ದವನು ಮುಂದೆ ಫ್ರಾನ್ಸಿನ ಸಂಸ್ಕೃತಿ ಮಂತ್ರಿಯಾದ ಆಂದ್ರೆ ಮಾಲ್ರೊ. ದೂರದ ಬಾಂತೇ ಛ್ಮಾರ್‌ನ ಗೋಡೆಯನ್ನು 1998ರ ಸುಮಾರಿಗೆ ಬಿಚ್ಚಿ ಲಾರಿಗೆ ಹೇರಿದವರು ಸೈನಿಕರು. ಥಾಯ್ಲೆಂಡಿನಲ್ಲಿ ಸಿಕ್ಕ ಅದರ 117 ತುಂಡುಗಳು ಆಮೇಲೆ ಮರಳಿದವು. ಹಾಗಿದ್ದೂ 2022ರಿಂದ ಸುಮಾರು 10,000 ಕುಟುಂಬಗಳನ್ನು ಅಂಗ್ಕೋರಿನಿಂದ ರುನ್ ತಾ ಏಕ್ ಎಂಬಲ್ಲಿಗೆ ಸಾಗಿಸುವ ಕೆಲಸ ಶುರುವಾಯಿತು. ಹೋಗುವವರು ಸ್ವಇಚ್ಛೆಯಿಂದ ಹೋಗುತ್ತಿದ್ದಾರೆ, ಅವರು ಈಚೆಗೆ ಬಂದು ಗುಡಿಸಲು ಹಾಕಿದವರು, ಸಾಂಪ್ರದಾಯಿಕ ಹಳ್ಳಿಗಳನ್ನು ಮುಟ್ಟಿಲ್ಲ ಎನ್ನುತ್ತದೆ ಸರ್ಕಾರ. ಇದು ಒತ್ತಾಯದ ಒಕ್ಕಲೆಬ್ಬಿಸುವಿಕೆ ಎಂದು ಆಮ್ನೆಸ್ಟಿ ಸಂಸ್ಥೆ 2023ರ ವರದಿಯಲ್ಲಿ ಹೇಳಿತು. 1992ರಲ್ಲಿ ಪಡೆದ ವಿಶ್ವ ಪರಂಪರೆ ಪಟ್ಟ ಈ ಇಡೀ ವ್ಯಾಜ್ಯದ ಹಿನ್ನೆಲೆಯಲ್ಲಿದೆ. ಕರ್ನಾಟಕಕ್ಕೆ ಈ ವ್ಯಾಜ್ಯ ಹೊಸದಲ್ಲ: 2011ರ ಜುಲೈನಲ್ಲಿ ಹಂಪಿಯ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿದ್ದ ಮನೆ, ಅಂಗಡಿಗಳನ್ನು ಅತಿಕ್ರಮಣವೆಂದು ಕೆಡವಲಾಯಿತು. 1565ರ ನಂತರವೂ ಪೂಜೆ ನಿಲ್ಲದ ಗುಡಿಯೆದುರಿನ ಪೇಟೆ ಅದು. ಪೇಟೆಯನ್ನು ಉಳಿಸಲು ವ್ಯಾಪಾರಿಗಳನ್ನು ತೆಗೆಯಬೇಕಾಯಿತು ಎಂಬ ಮಾತನ್ನು ಯಾವ ಮುಖದಿಂದ ಸಮರ್ಥಿಸುವುದೋ ನನಗೆ ಕಾಣದು.

ಪ್ರವಾಸಿಯಿಂದ ಹಣ ಬರುತ್ತದಲ್ಲ ಎಂದರೆ, ಬರುತ್ತದೆ. ಪ್ರತಿ ಟಿಕೆಟ್ಟಿನ ಎರಡು ಡಾಲರ್ ಮಕ್ಕಳಿಗೆ ಉಚಿತ ಚಿಕಿತ್ಸೆ ಕೊಡುವ ಕಂಥಾ ಬೋಫಾ ಆಸ್ಪತ್ರೆಗಳಿಗೆ ಹೋಗುತ್ತದೆ. ಸ್ವಯಂಸೇವಕರ ಸದುದ್ದೇಶವನ್ನೂ ಶಂಕಿಸಬೇಕಿಲ್ಲ. ಒಳಯುದ್ಧ ಇನ್ನೂ ಪೂರ್ತಿ ಆರದ ಕಾಂಬೋಡಿಯಾದಲ್ಲಿ 1993ರ ಚುನಾವಣೆಯನ್ನು ಹಳ್ಳಿಹಳ್ಳಿಗಳಲ್ಲಿ ಜೀವದ ಹಂಗು ತೊರೆದು ನಡೆಸಿಕೊಟ್ಟವರಲ್ಲಿ ವಿಶ್ವಸಂಸ್ಥೆಯ ಸ್ವಯಂಸೇವಕರಿದ್ದರು. ಆದರೆ ನೋಡುವವರಿಗೆ ಬೇಕಾದ ಖಾಲಿತನವನ್ನು ಒದಗಿಸಿಕೊಡುವ ಗುಣ ಗುಡಿಗಳ ಮಟ್ಟಕ್ಕೇ ನಿಲ್ಲಲಿಲ್ಲ. 2005ರಿಂದ 2010ರೊಳಗೆ ಕಾಂಬೋಡಿಯಾದ ಅನಾಥಾಲಯಗಳ ಸಂಖ್ಯೆ ಶೇ. 75ರಷ್ಟು ಏರಿತು. ಒಳಯುದ್ಧ ಮುಗಿದು ಆಗಲೇ ವರ್ಷಗಳು ಕಳೆದಿದ್ದವು. ಅನಾಥರು ಹೆಚ್ಚಲು ಹೊಸ ಕಾರಣವೇನೂ ಇರಲಿಲ್ಲ. ಹೆಚ್ಚಿದ್ದು ಪ್ರವಾಸಿಗಳು, ಕೆಲವು ವಾರ ಸೇವೆ ಮಾಡಲು ಬರುವವರು, ಅವರು ಕೊಡುವ ದೇಣಿಗೆ. ಸರ್ಕಾರ ಮತ್ತು ಯುನಿಸೆಫ್ 2011ರಲ್ಲಿ ಹೊರತಂದ ಅಧ್ಯಯನದ ಪ್ರಕಾರ ಅಲ್ಲಿದ್ದ ಮಕ್ಕಳಲ್ಲಿ ಮುಕ್ಕಾಲು ಪಾಲಿನಷ್ಟು ಮಂದಿಗೆ ತಂದೆಯೋ ತಾಯಿಯೋ ಬದುಕಿದ್ದರು. ಮಕ್ಕಳನ್ನು ಮನೆಗಳಿಗೆ ಮರಳಿಸುವ ಸರ್ಕಾರಿ ಯೋಜನೆ ಬಂದದ್ದು ಆಮೇಲೆ. ಅನಾಥಾಲಯಗಳಿಗೆ ಸ್ವಯಂಸೇವಕರನ್ನು ಕಳಿಸುವುದನ್ನು ಕೆಲವು ವಿದೇಶಿ ಸಂಸ್ಥೆಗಳು ನಿಲ್ಲಿಸಿದ್ದೂ ಆಮೇಲೆಯೇ.