ನಡಾವಳಿಯಲ್ಲಿ ಉಳಿಯುವ ಮಾತು

ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಗಾದೆ ವಿಜಯಪುರ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಬಬಲೇಶ್ವರ ತಾಲೂಕಿನ ಸಾರವಾಡ ಈ ಡೋಣಿ ಸೀಮೆಯ ಊರು. ಮಳೆ ಹೆಚ್ಚಾದ ವರ್ಷ ಇದೇ ಹೊಳೆ ಉಕ್ಕಿ ಎರಿ ಹೊಲಗಳ ಮೇಲೆ ಹರಿಯುತ್ತದೆ. ಪೈರು ಕೊಚ್ಚಿಹೋದಾಗ, ದಾರಿ ಕಡಿದಾಗ, ಕುಡಿಯುವ ನೀರು ಬಾರದಾಗ ಊರಿನ ಪರವಾಗಿ ಬಾಯಿ ತೆರೆಯುವವರು ಯಾರು? ಈ ಪ್ರಶ್ನೆಯ ಹಿಂದೆ ಉದ್ದನೆಯ ಇತಿಹಾಸವಿದೆ.

ಬಹುಕಾಲ ಅದಕ್ಕೆ ಉತ್ತರ ಚಾವಡಿಯಲ್ಲಿತ್ತು. ಗೌಡರು ಆಡಿದ್ದು ಊರಿನ ಮಾತು, ಕುಲಕರ್ಣಿ ಬರೆದದ್ದು ಊರಿನ ಲೆಕ್ಕ. ಎರಡೂ ವಂಶಪಾರಂಪರ್ಯವಾಗಿ ಬಂದ ಹಕ್ಕುಗಳು. ವಿಜಾಪುರ ಆಗ ಮುಂಬಯಿ ಪ್ರಾಂತದಲ್ಲಿತ್ತು. 1884ರ ಕಾಯ್ದೆಯಿಂದ ಜಿಲ್ಲೆ, ತಾಲೂಕು ಬೋರ್ಡುಗಳು ಬಂದವು. 1920ರಲ್ಲಿ ಗ್ರಾಮ ಪಂಚಾಯತಿಗಳ ಕಾಯ್ದೆ ಬಂತು. ಬಾಗಿಲು ತೆರೆಯಿತು ನಿಜ, ಆದರೆ ಒಳಗೆ ಹೋಗುವಷ್ಟು ಧೈರ್ಯ ಎಲ್ಲರಿಗೂ ಇರಲಿಲ್ಲ. ಕುಲಕರ್ಣಿ ವತನ ರದ್ದಾಗುವ ಕಾಯ್ದೆ ಆದದ್ದೇ 1950ರಲ್ಲಿ.

ಇದೇ ಕಾಲದಲ್ಲಿ ವಿಜಾಪುರದ ಒಬ್ಬ ವಕೀಲರು ಬೇರೆ ದಾರಿ ಹಿಡಿದಿದ್ದರು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದ ಫ.ಗು. ಹಳಕಟ್ಟಿ ವಕೀಲಿಕೆಗೆಂದು ವಿಜಾಪುರಕ್ಕೆ ಬಂದವರು. ಹಣ ಗಳಿಸಬಹುದಾದ ಕಸುಬು ಕೈಯಲ್ಲಿತ್ತು. ಅವರು ಸಮಯ ಕೊಟ್ಟದ್ದು ಊರಿನ ಕೆಲಸಕ್ಕೆ. 1910ರಲ್ಲಿ ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು. ಜೊತೆಗೆ ಸ್ಥಳೀಯ ಆಡಳಿತದಲ್ಲೂ ಮುಂಬಯಿ ಶಾಸನಸಭೆಯಲ್ಲೂ ಸೇವೆ. 1926ರಲ್ಲಿ ‘ಶಿವಾನುಭವ’, ಮರುವರ್ಷ ‘ನವಕರ್ನಾಟಕ’ ಪತ್ರಿಕೆ. ಗ್ರಂಥ ಪ್ರಕಟಣೆಗಾಗಿ ಮನೆಯನ್ನೇ ಮಾರಿದರೆಂಬ ಸಂಗತಿಯನ್ನು ಈ ಸೀಮೆಯ ಜನ ಇಂದಿಗೂ ನೆನೆಯುತ್ತಾರೆ.

ಅವರು ತಾಳೆಗರಿಗಳಿಂದ ಎತ್ತಿ ಅಚ್ಚಿಗೆ ತಂದದ್ದು ಯಾರ ಮಾತನ್ನು? 1923ರ ‘ವಚನ ಶಾಸ್ತ್ರ ಸಾರ’ದಿಂದ ಶುರುವಾದ ಆ ಕೆಲಸದಲ್ಲಿ ಹಗ್ಗ ಹೊಸೆಯುವ ನುಲಿಯ ಚಂದಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬಟ್ಟೆ ಮಡಿ ಮಾಡುವ ಮಾಚಿದೇವ ಇವರೆಲ್ಲ ಕಾಯಕದ ಹೆಸರಿನೊಂದಿಗೇ ಓದುಗರ ಮುಂದೆ ಬಂದು ನಿಂತರು. ಗಂಡ ಹೆಚ್ಚಿಗೆ ಅಕ್ಕಿ ತಂದಾಗ ತಿರುಗಿ ಸುರಿದು ಬಾ ಎಂದ ಆಯ್ದಕ್ಕಿ ಲಕ್ಕಮ್ಮನೂ ಬಂದಳು. ಇವರು ಆಡಿದರು, ಯಾರೋ ಬರೆದಿಟ್ಟರು, ಅದರಿಂದಲೇ ಎಂಟು ನೂರು ವರ್ಷದ ಮೇಲೂ ಉಳಿದರು. ಬರೆದಿಡದ ಮಾತು ಆಡಿದವರ ಜೊತೆಗೇ ಮಣ್ಣಾಗುತ್ತದೆ.

ಇಂದು ಆ ಬರೆದಿಡುವ ಪುಸ್ತಕ ಪಂಚಾಯತಿ ಕಚೇರಿಯಲ್ಲಿದೆ. ಅದರ ಹೆಸರು ನಡಾವಳಿ. ಅಬ್ದುಲ್ ನಜೀರ್ ಸಾಬ್ ಅವರ ಶ್ರಮದಿಂದ 1983ರ ಕಾಯ್ದೆ ರೂಪುಗೊಂಡು, 1987ರಲ್ಲಿ ಮಂಡಲ ಪಂಚಾಯತಿ ಚುನಾವಣೆ ನಡೆದಾಗ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಸಿಕ್ಕವು. 1993ರ ಕಾಯ್ದೆ ಅದನ್ನು ಮೂರನೇ ಒಂದು ಭಾಗಕ್ಕೆ ಏರಿಸಿತು, 2010ರಲ್ಲಿ ಅರ್ಧವಾಯಿತು. ಗೆದ್ದವರಿಗಷ್ಟೇ ಅಲ್ಲ, ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರಿಗೂ ಗ್ರಾಮಸಭೆಯಲ್ಲಿ ಎದ್ದು ನಿಲ್ಲುವ ಹಕ್ಕಿದೆ.

ಆದರೆ ಹಕ್ಕಿಗೂ ರೂಢಿಗೂ ನಡುವೆ ಅಂತರ ದೊಡ್ಡದು. ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಮನೆಗೆ ಮರಳುವ ಸಭೆಗಳು ನಮ್ಮ ನಾಡಿನಲ್ಲಿ ಅಪರೂಪವಲ್ಲ. ಅಲ್ಲಿ ನಾವು ಸುಮ್ಮನಿದ್ದರೂ ಠರಾವು ಪಾಸಾಗುತ್ತದೆ, ಅದೂ ನಮ್ಮ ಹೆಸರಿನಲ್ಲೇ. ಮಾತಾಡಿದರೆ ನೆರೆಮನೆಯವರೊಂದಿಗೆ ನಿಷ್ಠುರ ಕಟ್ಟಿಕೊಳ್ಳಬೇಕು. ಕೇಳಿದ ಚರಂಡಿ ಈ ವರ್ಷವೇ ಆಗುತ್ತದೆಂಬ ಖಾತ್ರಿಯೂ ಇಲ್ಲ.

ಹಾಗಿದ್ದರೂ ಏಕೆ ಮಾತಾಡಬೇಕು? ಹಳಕಟ್ಟಿಯವರ ಬದುಕನ್ನು ನೋಡಿದರೆ ಉತ್ತರ ಸಿಗುತ್ತದೆ. 1964ರಲ್ಲಿ ಅವರು ತೀರಿಕೊಂಡಾಗ ಹಿಂದೆ ಉಳಿದದ್ದು ಆಸ್ತಿಯಲ್ಲ. ಶಾಲೆ, ಬ್ಯಾಂಕು, ಪುಸ್ತಕ. ಸ್ವಂತದ್ದೆಂದು ಒಂದನ್ನೂ ಇಟ್ಟುಕೊಳ್ಳದ ಆ ಬದುಕನ್ನು ಬರಿದು ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಊರಿನ ಕೆಲಸದಲ್ಲಿ ಕೈಯಿಟ್ಟವನಿಗೆ ಊರು ತನ್ನದಾಗುತ್ತದೆ. ಸಭೆಯಲ್ಲಿ ಮೊದಲ ಸಲ ಎದ್ದು, ನಡುಗುವ ದನಿಯಲ್ಲಿ ನಮ್ಮ ಓಣಿಗೆ ನೀರಿಲ್ಲ ಎಂದ ಹೆಣ್ಣುಮಗಳಿಗೆ ನಳ ಬರುವ ಮೊದಲೇ ದಕ್ಕುವುದೊಂದಿದೆ: ಇನ್ನು ಮುಂದೆ ಅವಳನ್ನು ಬಿಟ್ಟು ಊರಿನ ಎಣಿಕೆ ಪೂರ್ತಿಯಾಗದು. ಒಂದು ಮಾತನ್ನು ಮಾತ್ರ ಅವಳು ಮರೆಯಬಾರದು. ಕೂಡುವ ಮುಂಚೆ ಕೇಳಬೇಕು: ನಾನು ಹೇಳಿದ್ದನ್ನು ಬರಕೊಂಡ್ರೇನ್ರಿ?